ಹದಿನೇಳನೇ ನಂಬರಿನ ಮೇಲಿನ ಕುಂಕುಮ

ಬಾಯಿ ಮುಚ್ಚಿ, ಕಿವಿ ಬಿಚ್ಚಿ. ಗಲಾಟೆ ಮಾಡಿದರೆ ಕಥೆ ಇಲ್ಲ!

ಒಂದು ಮನೆ. ಮನೆಯಲ್ಲೊಂದು ಕಂಪ್ಯೂಟರಿನ ಕರೀ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ನಾಲ್ಕು ಡಿಸ್ಕು. ಒಂದೊಂದರ ಮೈಮೇಲೂ ಅಂಗಡಿಯವರು ಒತ್ತಿದ ಬೇರೆ ಬೇರೆ ನಂಬರು. ಡಿಸ್ಕುಗಳ ಒಳಗೆ ತೀರಿಹೋದ ಅಜ್ಜನ ದನಿ. ಒಂದೇ ಒಂದು ಬೈಗುಳ, ಅಷ್ಟೇ. ಮೊಮ್ಮಗಳು ತುಂಗಿ ಅದನ್ನು ದಿನಾ ಕೇಳುತ್ತಿದ್ದಳು.

ಒಂದು ದಿನ ಕೆಂಪು ದೀಪ ಹತ್ತಿತು. ಹದಿನೇಳನೇ ನಂಬರಿನ ಡಿಸ್ಕು ಕೆಟ್ಟಿದೆ ಅಂತ ಪೆಟ್ಟಿಗೆ ಹೇಳಿತು. ಅಪ್ಪ ಪೆಟ್ಟಿಗೆ ಬಂದ್ ಮಾಡಿದ.

"ಹೊಸ ಡಿಸ್ಕು ತಂದಿದ್ದೀನಿ, ಉಳಿದ ಮೂರು ಸೇರಿ ಅದಕ್ಕೆ ದನಿ ತುಂಬುತ್ವೆ. ಆದ್ರೆ ಕೆಟ್ಟಿದ್ದನ್ನೇ ತೆಗೀಬೇಕು. ತಪ್ಪಿ ಒಳ್ಳೇದನ್ನ ಕಿತ್ತರೆ ಅಜ್ಜನ ದನಿ ಪೂರ್ತಿ ಹೋಗುತ್ತೆ. ಯಾರೂ ಮುಟ್ಟಬೇಡಿ!"

ತುಂಗಿಗೆ ಸಿಟ್ಟು ಬಂತು. ದಪದಪ ನಡೆದಳು.

"ಪೆಟ್ಟಿಗೆ ಪೆಟ್ಟಿಗೆ, ಅಜ್ಜನ ದನಿ ಕೊಡು!"

"ಹೊಸ ಡಿಸ್ಕು ಒಳಗೆ ಬರಲಿ. ಕೊಡಲ್ಲ ಹೋಗು!"

ತುಂಗಿಗೆ ಇನ್ನೂ ಸಿಟ್ಟು ಬಂತು.

"ಹೊಸ ಡಿಸ್ಕೇ, ಒಳಗೆ ಹೋಗು. ಪೆಟ್ಟಿಗೆ ಅಜ್ಜನ ದನಿ ಕೊಡಲ್ವಂತೆ!"

"ಕೆಟ್ಟ ಡಿಸ್ಕು ಜಾಗ ಬಿಡಲಿ. ಹೋಗಲ್ಲ ಹೋಗು!"

ತುಂಗಿಗೆ ಇನ್ನೂ ಇನ್ನೂ ಸಿಟ್ಟು ಬಂತು.

"ಕೆಟ್ಟ ಡಿಸ್ಕೇ, ಜಾಗ ಬಿಡು. ಹೊಸ ಡಿಸ್ಕು ಒಳಗೆ ಹೋಗಲ್ವಂತೆ. ಪೆಟ್ಟಿಗೆ ಅಜ್ಜನ ದನಿ ಕೊಡಲ್ವಂತೆ!"

"ನಾಲ್ವರಲ್ಲಿ ನಾನ್ಯಾರು, ಹೇಳು ನೋಡೋಣ? ನಂಬರಿನ ಮೇಲೆ ಕುಂಕುಮ ಕೂತಿದೆ. ಬಿಡಲ್ಲ ಹೋಗು!"

"ಕುಂಕುಮವೇ, ಎದ್ದೇಳು. ಕೆಟ್ಟ ಡಿಸ್ಕು ಜಾಗ ಬಿಡಲ್ವಂತೆ. ಹೊಸ ಡಿಸ್ಕು ಒಳಗೆ ಹೋಗಲ್ವಂತೆ. ಪೆಟ್ಟಿಗೆ ಅಜ್ಜನ ದನಿ ಕೊಡಲ್ವಂತೆ!"

"ಆಯುಧಪೂಜೆಗೆ ಅಜ್ಜಿ ಹಚ್ಚಿದ್ದು. ನಾಲ್ಕಕ್ಕೂ ಹಚ್ಚಿದ್ದು. ಅಜ್ಜಿಯೇ ಒರೆಸಲಿ. ಏಳಲ್ಲ ಹೋಗು!"

ತುಂಗಿಯ ಮೂಗು ಕೆಂಪಾಯಿತು. ಅಜ್ಜಿಯ ಮುಂದೆ ಹೋಗಿ ನಿಂತಳು.

"ಅಜ್ಜೀ, ಕುಂಕುಮ ಒರೆಸು. ಕುಂಕುಮ ಏಳಲ್ವಂತೆ. ಕೆಟ್ಟ ಡಿಸ್ಕು ಜಾಗ ಬಿಡಲ್ವಂತೆ. ಹೊಸ ಡಿಸ್ಕು ಒಳಗೆ ಹೋಗಲ್ವಂತೆ. ಪೆಟ್ಟಿಗೆ ಅಜ್ಜನ ದನಿ ಕೊಡಲ್ವಂತೆ!"

"ನಿಮ್ಮಜ್ಜ ಇದ್ದಾಗ ಹಚ್ಚಿದ ಕುಂಕುಮ ಅದು. ಒರೆಸಲ್ಲ ಹೋಗೇ!"

ತುಂಗಿ ಕಿರುಚಿದಳು. "ಕುಂಕುಮ ಬೈಯುತ್ತಾ? ಅಜ್ಜನ ಥರ ಬೈಯುತ್ತಾ?"

ಅಜ್ಜಿ ಸಿಟ್ಟಿನಲ್ಲೇ ಎದ್ದಳು. ಸೆರಗು ಹಿಡಿದಳು.

ಅಜ್ಜಿ ಕುಂಕುಮ ಒರೆಸಿದಳು. ಕುಂಕುಮ ಎದ್ದಿತು. ಹದಿನೇಳು ಕಂಡಿತು. ಅಪ್ಪ ಎರಡೆರಡು ಸಲ ಓದಿದ. ಕೆಟ್ಟ ಡಿಸ್ಕು ಜಾಗ ಬಿಟ್ಟಿತು. ಹೊಸ ಡಿಸ್ಕು ಒಳಗೆ ಹೋಯಿತು. "ಇನ್ನೂ ತುಂಬ್ಕೋತಿದ್ದೀನಿ, ಮುಟ್ಟಬೇಡಿ!" ಅಂತ ಪೆಟ್ಟಿಗೆ ಇಡೀ ದಿನ ಗುರ್ ಅಂದಿತು. ತುಂಗಿಯೂ ಗುರ್ ಅಂದಳು. ಆಮೇಲೆ ಪೆಟ್ಟಿಗೆ ಅಜ್ಜನ ದನಿ ಕೊಟ್ಟಿತು.

"ನನ್ನ ಕನ್ನಡಕ ಯಾರೇ ಮುಟ್ಟಿದ್ದು?"

"ನಾನೇ ಮುಟ್ಟಿದ್ದು, ಏನೀಗ!" ಅಂತ ಅಜ್ಜಿ ತಿರುಗಿ ಬೈದಳು. ಬೈದು ಬೈದು ಅತ್ತಳು. ಕಣ್ಣೊರೆಸಿಕೊಂಡು ಹೊಸ ಡಿಸ್ಕಿಗೂ ಕುಂಕುಮ ಹಚ್ಚಿದಳು. ಈ ಸಲ ನಂಬರಿನ ಪಕ್ಕಕ್ಕೆ.

ಅವರ ಜಗಳ ಅವರಿಗೆ, ಕಥೆ ನಿಮಗೆ. ಏಳಿ ಇನ್ನು!