ಮೂರನೇ ಕಲ್ಲು

"ಮೂರನೇ ಕಲ್ಲು ಜಾರುತ್ತೆ. ಅಲ್ಲಿ ಕಾಲು ಊರಿ ಇಡಿ." ಆಮೆ ಚಿಪ್ಪಯ್ಯನಿಗೆ ಹೆಂಡತಿ ಹೇಳಿದ ಕೊನೇ ಮಾತು ಇದು.

ಮಕ್ಕಳೇ, ಚಿಪ್ಪಯ್ಯ ಇದ್ದದ್ದು ಮೃಗಾಲಯದ ಕೊಳದಲ್ಲಿ. ಕೊಳದ ನಡುವೆ ಒಂದು ದಿಬ್ಬ. ದಡದಿಂದ ದಿಬ್ಬಕ್ಕೆ ಐದು ಕಲ್ಲು. ದಿನಾ ಬೆಳಿಗ್ಗೆ ಗಂಡ ಹೆಂಡತಿ ಕಲ್ಲು ದಾಟಿ ಹೋಗಿ ಬಿಸಿಲಿಗೆ ಮೈ ಕಾಯಿಸುತ್ತಿದ್ದರು. ಅವಳು ತೀರಿಹೋದ ಮೇಲೆ ಅವನು ಆ ಕಡೆ ಹೋಗಲಿಲ್ಲ.

ಒಂದು ದಿನ ದೂರದ ಊರಿಂದ ಲಾರಿಯಲ್ಲಿ ನೀರಾನೆ ಬಂತು. ಜೊತೆಗೆ ಬಂದಿದ್ದ, ಅದನ್ನು ಸಾಕಿದ್ದ ಮುದುಕ "ಹಿಪ್ಪೊಪಾಟಮಸ್" ಎಂದು ಕರೆದ, ಹುಲ್ಲು ತಿನ್ನಿಸಿದ, ಕಣ್ಣೊರೆಸಿಕೊಂಡು ಲಾರಿ ಹತ್ತಿದ.

ಆಮೇಲೆ ನೀರಾನೆ ಹುಲ್ಲು ಮುಟ್ಟಲಿಲ್ಲ. ಮೂರು ದಿನ ದಿಬ್ಬದ ಹತ್ತಿರ ಮುಳುಗಿಕೊಂಡೇ ಇತ್ತು. ಮೀನುಗಳು ಹೋಗಿ ಕೇಳಿದವು. ಹೆಸರು ಹಿಡಿದು ಕರೆಯದೆ ಉಂಡು ರೂಢಿಯಿಲ್ಲ, ಇಲ್ಲಿಯವರು ಬರೀ ಬಕೆಟ್ ಬಡಿದು ಕರೆಯುತ್ತಾರೆ ಎಂದಿತಂತೆ ನೀರಾನೆ.

"ಇಂಗ್ಲಿಷ್ ಹೆಸರು ತಾನೆ? ನನ್ನ ಕೊಕ್ಕಿನ ತುದೀಲಿದೆ," ಎಂದಿತು ಮೈನಾ.

ಒಂದೇ ಉಸಿರಿಗೆ ಹೆಸರು ಕೂಗಿತು. ಶುರುವಿನಿಂದಲೇ ಒಂದೇ ಜೋರು. "ಹಿಪ್ಪಪ್ಪಪ್ಪಪ್ಪ" ಅನ್ನುವಷ್ಟರಲ್ಲಿ ಉಸಿರು ಕಟ್ಟಿ ಕೊಂಬೆಯಿಂದ ನೀರಿಗೆ ಬಿತ್ತು. ಕಪ್ಪೆಗಳು ಹೊಟ್ಟೆ ಹಿಡಿದುಕೊಂಡು ನಕ್ಕವು. ನೀರಾನೆ ಕಿವಿ ಕೂಡ ಎತ್ತಲಿಲ್ಲ.

"ನೀನು ಕರಿ ನೋಡೋಣ, ಚಿಪ್ಪಣ್ಣ," ಎಂದಿತು ಮೈನಾ, ರೆಕ್ಕೆ ಕೊಡವುತ್ತಾ. "ನೀನು ಮುಗಿಸೋ ಹೊತ್ತಿಗೆ ಅದಕ್ಕೆ ಮೊಮ್ಮಕ್ಕಳಾಗಿರುತ್ತೆ."

ಮುದುಕ ಕರೆದದ್ದನ್ನು ಚಿಪ್ಪಯ್ಯ ನೆನೆದ. ಹೆಸರು ಉದ್ದ. ಕೊಳವೂ ಅಗಲ. ಒಂದೇ ನೆಗೆತಕ್ಕೆ ಎರಡೂ ಆಗದು. ಮುದುಕನ ದನಿ ಎದ್ದದ್ದು ಹೆಸರಿನ ನಡುವೆ ಒಂದೇ ಕಡೆ.

ಎದ್ದು ಕಲ್ಲುಗಳ ಕಡೆ ನಡೆದ.

"ಹಿಪ್." ಒಂದು ಕಲ್ಲು. "ಪೊ." ಇನ್ನೊಂದು. ಮೂರನೆಯದರ ಮೇಲೆ ಸ್ವಲ್ಪ ನಿಂತ. ಕಾಲು ಊರಿದ. "ಪಾ" ಎಂದು ಎದೆಯಿಂದ ಕೂಗಿದ. ಉಳಿದೆರಡು ಕಲ್ಲು ಹಗುರವಾಗಿ ದಾಟಿದ. "ಟ, ಮಸ್."

ದಿಬ್ಬ ಹತ್ತಿ ಪೂರ್ತಿ ಕರೆದ. "ಹಿಪ್ಪೊಪಾಟಮಸ್."

ನೀರಿಂದ ಎರಡು ಕಿವಿ ಎದ್ದವು. ಆಮೇಲೆ ಬಾಯಿ. ಎಂಥ ಬಾಯಿ! ಹುಲ್ಲಿನ ಹೊರೆ ಮೂರೇ ತುತ್ತಿಗೆ ಖಾಲಿ.

"ತಾತ, ನಾಳೇನೂ ಕರೀತೀಯಾ?" ಎಂದಿತು, ಬಾಯಿ ತುಂಬ ಹುಲ್ಲು ಇಟ್ಟುಕೊಂಡು.

ಚಿಪ್ಪಯ್ಯ ಹೂಂ ಎಂದು ತಲೆ ಆಡಿಸಿದ. ದಿಬ್ಬದ ಮೇಲೆ ಬಿಸಿಲು ಬೆಚ್ಚಗಿತ್ತು. ಸಂಜೆವರೆಗೂ ಅಲ್ಲೇ ಕೂತ.

ಮರುದಿನ ಬೆಳಿಗ್ಗೆ ಮತ್ತೆ ಕಲ್ಲಿಗೆ ಕಾಲಿಟ್ಟ. ಕಲಿಯೋಕೆ ಅಂತ ಮೈನಾ ಹಿಂದೆ ಕುಪ್ಪಳಿಸುತ್ತಿತ್ತು. ಚಿಪ್ಪಯ್ಯ ತಿರುಗಿ ನೋಡಿ ಅದಕ್ಕೆ ಹೇಳಿದ: "ಮೂರನೇ ಕಲ್ಲು ಜಾರುತ್ತೆ. ಅಲ್ಲಿ ಕಾಲು ಊರಿ ಇಡು."

ನೀತಿ: ಉದ್ದದ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ದಾಟು, ಊರಬೇಕಾದ ಕಡೆ ಮಾತ್ರ ಊರು.