ಸಮನ್ವಯಾಧಿಕಾರಿಗಳ ಅಪ್ಪಣೆ

ಆ ಮಂಗಳವಾರವೂ ನೇಕಾರರ ಓಣಿಯಲ್ಲಿ ಮಗ್ಗಗಳು ಎಂದಿನಂತೆ ಸದ್ದು ಮಾಡುತ್ತಿದ್ದವು. ಮಧ್ಯಾಹ್ನದೊಳಗೆ ಒಂದು ಮಗು ವಾಂತಿಭೇದಿಯಿಂದ ತೀರಿಕೊಂಡಿತು. ನಳದ ನೀರಿಗೆ ಚರಂಡಿ ಸೇರಿದ್ದು ಪುರಸಭೆಗೆ ಗೊತ್ತಿತ್ತು, ಆಸ್ಪತ್ರೆಗೆ ಗೊತ್ತಿರಲಿಲ್ಲ.

ಮರುದಿನದಿಂದ ಆಸ್ಪತ್ರೆಯ ಆರೋಗ್ಯ ಸಹಾಯಕಿ ನೀಲವ್ವ, ಪುರಸಭೆಯ ನೀರು ಬಿಡುವ ಹುಸೇನಸಾಬ, ಶಾಲೆಯ ಅಡುಗೆಯ ಕಾಶವ್ವ ದಿನಾ ಬೆಳಿಗ್ಗೆ ಒಬ್ಬರಿಗೊಬ್ಬರು ಫೋನ್ ಮಾಡತೊಡಗಿದರು. ತಿಂಗಳೊಳಗೆ ಅಂಗನವಾಡಿಯವರೂ ಔಷಧದಂಗಡಿಯವರೂ ಸೇರಿಕೊಂಡರು.

ಸುದ್ದಿ ಊರಿನ ಇಲಾಖೆಗಳನ್ನು ಜೋಡಿಸಲೆಂದೇ ನೇಮಕವಾಗಿದ್ದ ಸಮನ್ವಯಾಧಿಕಾರಿಗಳ ಕಿವಿಗೆ ಬಿತ್ತು. "ಇಲಾಖೆ ಇಲಾಖೆಗಳ ನಡುವೆ ಮಾತಾಡುವುದಿದ್ದರೆ ನನ್ನ ಮೂಲಕವೇ ಆಗಬೇಕು. ಇಲ್ಲದಿದ್ದರೆ ಅಮಾನತು!" ಎಂದರು.

"ಆಗ್ಲಿರಿ ಸಾಹೇಬ್ರ," ಎಂದು ನೀಲವ್ವ ಕೈಮುಗಿದಳು.

ಮರುದಿನ ಬೆಳಗಾಗುತ್ತಲೇ ಸಾಹೇಬರಿಗೆ ಅವಳ ಫೋನ್ ಬಂತು. "ಸಾಹೇಬ್ರ, ಮೂರನೇ ಓಣ್ಯಾಗ ನೀರು ನಾರಾಕತ್ತಾವ. ವಾಲ್ವ್ ಬಂದ್ ಮಾಡಂತ ಹುಸೇನಸಾಬಗ ನೀವ ಹೇಳ್ರಿ."

ಹೇಳಿದರು. ಹುಸೇನಸಾಬ ವಾಲ್ವನ್ನು ಆಗಲೇ ಬಂದ್ ಮಾಡಿ ಅದರ ಪಕ್ಕದಲ್ಲೇ ಕೂತಿದ್ದ. "ಯಾವ ವಾಲ್ವ್ ಅಂತ ನೀಲವ್ವ ಅಕ್ಕಾರನ್ನ ಕೇಳ್ರಿ ಸಾಹೇಬ್ರ," ಎಂದ.

ಸಾಹೇಬರು ಕ್ಷೌರದ ಕುರ್ಚಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಾಗ ಕಾಶವ್ವ ಫೋನ್ ಮಾಡಿದಳು. "ನಳದ ನೀರು ಅಡಗಿಗೆ ಬರ್ತಾವೇನ್ರಿ? ಅಕ್ಕಾರನ್ನ ಕೇಳಿ ಹೇಳ್ರಿ, ಒಲಿ ಹಚ್ಚೇನಿ."

ಹೀಗೆ ಮೂರು ದಿನ ನಡೆಯಿತು. ಮೂವರಲ್ಲಿ ಯಾರಿಗೂ ನಗು ಬರಲಿಲ್ಲ. ನಾಲ್ಕನೇ ದಿನ ಸಾಹೇಬರು ಚೀರಿದರು: "ನಿಮ್ಮ ನಿಮ್ಮೊಳಗ ಮಾತಾಡ್ಕೊಳ್ರಿ ನಮ್ಮವ್ವಾ, ನನ್ನ ಬಿಡ್ರಿ!"

"ಬಾಯಿಮಾತು ನಡಿಯಂಗಿಲ್ರಿ ಸಾಹೇಬ್ರ," ಎಂದಳು ನೀಲವ್ವ. "ಬರದು ಸಹಿ ಮಾಡಿ ಕೊಡ್ರಿ."

'ಇನ್ನು ಮುಂದೆ ನೇರವಾಗಿ ಮಾತಾಡಿಕೊಳ್ಳತಕ್ಕದ್ದು' ಎಂದು ಅವರು ಬರೆದುಕೊಟ್ಟರು.

ಆ ಮಳೆಗಾಲದಲ್ಲಿ ಓಣಿಯ ಏಳು ಮಕ್ಕಳಿಗೆ ವಾಂತಿಭೇದಿಯಾಯಿತು. ಏಳೂ ಉಳಿದವು.