ಎರಡು ಬೆರಳು ಜೇನು

ಆ ಸೀಮೆಯಲ್ಲಿ ಒಂದು ಕಟ್ಟಳೆಯಿತ್ತು. ಔಷಧಿಗೆಂದು ಮನೆಗೊಂದು ಸೇರು ಜೇನುತುಪ್ಪ ಕೂಡಿಟ್ಟರೆ ಸುಂಕವಿಲ್ಲ. ವರ್ಷದ ಲೆಕ್ಕ ಪುಸ್ತಕಕ್ಕೇರುವ ಹೊತ್ತಿಗೆ ಒಂದು ತೊಟ್ಟು ಹೆಚ್ಚಿದ್ದರೂ ದಂಡ.

ಸೂಲಗಿತ್ತಿ ಕೆಂಚವ್ವನ ಭರಣಿಯಲ್ಲಿ ಸೇರಿನ ಗೆರೆ ದಾಟಿ ಎರಡು ಬೆರಳು ಜೇನು ನಿಂತಿತ್ತು. ಸುಂಕದ ಅಧಿಕಾರಿ ತಿರುಮಲಯ್ಯ ಅದನ್ನು ಕಂಡು ಹಿಗ್ಗಿಹೋದ. ಪುಸ್ತಕ ಬಿಚ್ಚುವ ಮೊದಲೇ ಬಾಯಿ ಬಿಚ್ಚಿದ.

"ಕಳ್ಳಿ! ಸರ್ಕಾರದ ಕಣ್ಣಿಗೇ ಮಣ್ಣೆರಚ್ತೀಯಾ? ದಂಡಕ್ಕೆ ನಿನ್ನ ಹಸು ಹೊಡ್ಕೊಂಡು ಹೋಗ್ತೀನಿ!"

ಬೀದಿಗೆಲ್ಲ ಕೇಳಲೆಂದು ಕೂಗಿದ. ಕೂಗಿ ಕೂಗಿ ಕೆಮ್ಮು ಹತ್ತಿತು.

"ಅಯ್ಯೋ ಬುದ್ಧಿ!" ಎಂದು ಕೆಂಚವ್ವ ಜೇನಿಗೆ ಕಾಳುಮೆಣಸಿನ ಪುಡಿ ಕಲಸಿ ನೆಕ್ಕಿಸಿದಳು. ಗಂಟಲಿಗೆ ಹಾಯೆನಿಸಿತು. ಮತ್ತೆ ಕೂಗಿದ, ಮತ್ತೆ ಕೆಮ್ಮಿದ, ಮತ್ತೆ ನೆಕ್ಕಿದ. ಹೀಗೇ ಮಧ್ಯಾಹ್ನವಾಯಿತು. ಆಮೇಲೆ ಕೆಂಚವ್ವ ಭರಣಿಯ ಗೆರೆ ನೋಡಿ ಚಮಚ ತೊಳೆದಿಟ್ಟಳು.

"ಈಗ ಬರ್ಕೊಳ್ಳಿ ಬುದ್ಧಿ. ಸರಿಯಾಗಿ ಒಂದು ಸೇರು."

"ಮತ್ತೆ ಹೆಚ್ಚಿಗೆ ಇದ್ದದ್ದು?"

"ಔಷಧಿಗೇ ಅಂತ ಇಟ್ಟಿದ್ದು, ಔಷಧಿಗೇ ಖರ್ಚಾಯ್ತು. ಬೇಕಾದ್ರೆ ರೋಗಿ ಹೆಸರೂ ಬರ್ಕೊಳ್ಳಿ."

ತಿರುಮಲಯ್ಯ ಕೂಗಲು ಬಾಯಿ ತೆರೆದ.

"ಮೆಲ್ಲಗೆ ಬುದ್ಧಿ," ಎಂದಳು ಕೆಂಚವ್ವ. "ಇನ್ನು ಕೆಮ್ಮಿದ್ರೆ ನನ್ನ ಪಾಲಿನ ಜೇನು. ಅದಕ್ಕೆ ದುಡ್ಡಾಗುತ್ತೆ."

ಆ ವರ್ಷ ಊರಿನ ಉಳಿದ ಲೆಕ್ಕವನ್ನೆಲ್ಲ ತಿರುಮಲಯ್ಯ ಪಿಸುಮಾತಿನಲ್ಲೇ ಕೇಳಿ ಬರೆದುಕೊಂಡ.